ಅರುವತ್ತೊಂದು ಸಲ ಏರಿದ ಗೆರೆ

ಉಮ್ಮರ್ ಅವರಿಗೆ ಕಬ್ಬಿಣದ ಮೇಲೆ ಯಾವ ಹಗೆಯೂ ಇರಲಿಲ್ಲ. ಗಲ್ಫಿನ ಜುಬೈಲಿನ ಕಂಪೆನಿಯೊಂದರ ಏಳನೇ ನಂಬರ್ ಸ್ಟೋರಿನಲ್ಲಿ ಇಪ್ಪತ್ತಾರು ವರ್ಷ ಅವರು ಎಣಿಸಿ, ಕೊಟ್ಟು, ಬರೆದಿಟ್ಟದ್ದೆಲ್ಲ ಕಬ್ಬಿಣವೇ. ಬೋಲ್ಟು, ನಟ್ಟು, ಪೈಪು, ಚೈನು. ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷವಾದ ಮೇಲೆ, ಅರುವತ್ತೆರಡನೇ ವಯಸ್ಸಿನಲ್ಲಿ, ಅವರಿಗೆ ಸಿಕ್ಕಿದ ಕೆಲಸ ಮಾತ್ರ ಪೂರ್ತಿ ಉಲ್ಟಾ: ಕಬ್ಬಿಣ ಹತ್ತಿರ ಬಾರದ ಹಾಗೆ ಕಾಯುವುದು.

ಅಳದಂಗಡಿಯಿಂದ ಮೂರು ಕಿಲೋಮೀಟರ್ ಒಳಗೆ ಹೋದರೆ ಒಂದು ಗೇರುಗುಡ್ಡೆ. ಅದರ ನೆತ್ತಿಯಲ್ಲಿ, ಮೂಡುಬಿದಿರೆಯ ಕಾಲೇಜೊಂದಕ್ಕೆ ಸೇರಿದ ಜಾಗದಲ್ಲಿ, ಆಳೆತ್ತರದ ಒಂದು ಮರದ ಗೂಡು ಇತ್ತು. ಗೂಡಿನೊಳಗೆ ಕಟ್ಟೆ, ಕಟ್ಟೆಯ ಮೇಲೆ ತೆಂಗಿನಕಾಯಿಗಿಂತ ಚಿಕ್ಕದಾದ ಒಂದು ಉಪಕರಣ. ಅದು ಭೂಮಿಯ ಕಾಂತಕ್ಷೇತ್ರವನ್ನು ಸೆಕೆಂಡಿಗೊಮ್ಮೆ ಅಳೆದು ಮೂಡುಬಿದಿರೆಗೆ ಕಳಿಸುತ್ತಿತ್ತು. ಗೂಡಿಗೆ ಹೊಡೆದ ಮೊಳೆಗಳೆಲ್ಲ ಹಿತ್ತಾಳೆಯವು. ಕೆಂಪು ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಇರುತ್ತದೆಂದು ಅದನ್ನೂ ಬಳಸಿರಲಿಲ್ಲ. ಈ ಕಡೆ ಕೋಳಿಗೂಡು ಕಟ್ಟುವುದಕ್ಕೂ ಮುರಕಲ್ಲೇ ಬೇಕು. ಅದು ಬೇಡ ಎಂದವರ ತಲೆ ಸರಿ ಉಂಟಾ ಎಂದು ಮೇಸ್ತ್ರಿ ಕೇಳಿದ್ದನಂತೆ.

ಗೂಡಿನ ಸುತ್ತ ಐವತ್ತು ಹೆಜ್ಜೆ ದೂರಕ್ಕೆ ಬಿದಿರಿನ ಬೇಲಿ. ಬೇಲಿಯ ಒಳಗೆ ಕತ್ತಿ ಇಲ್ಲ, ಬೈಕ್ ಇಲ್ಲ, ಕೊಡೆ ಇಲ್ಲ, ಗಂಟೆ ಕಟ್ಟಿದ ದನವೂ ಇಲ್ಲ. ಉಮ್ಮರ್ ಉಳಿದುಕೊಳ್ಳುವ ಕೋಣೆ ಇನ್ನೂ ಕೆಳಗೆ, ಗುಡ್ಡೆಯ ಬುಡದಲ್ಲಿ. ವಾರಕ್ಕೆರಡು ಸಲ ಗೂಡಿನ ಇರುವೆ, ಜೇಡರಬಲೆ ತೆಗೆಯಲು ಹೋಗುವಾಗ ಅವರು ವಾಚು, ಮೊಬೈಲು, ಬೀಗದ ಕೈ, ಸೊಂಟದ ಬೆಲ್ಟು ಎಲ್ಲ ಬಿಚ್ಚಿಟ್ಟು, ಬರೀ ಮುಂಡು ಅಂಗಿಯಲ್ಲಿ, ರಬ್ಬರ್ ಚಪ್ಪಲಿ ಹಾಕಿಕೊಂಡು ಹತ್ತಬೇಕು. ಆಮೇಲೆ ರಿಜಿಸ್ಟರ್ ಬರೆಯಬೇಕು. ಯಾರಾದರೂ ಬಂದರಾ, ಏನು ತಂದರು, ಎಷ್ಟು ಹೊತ್ತಿಗೆ. ಮೊದಲ ಎರಡು ತಿಂಗಳ ರಿಜಿಸ್ಟರಿನಲ್ಲಿ ಅವರ ದುಂಡಗಿನ ಅಕ್ಷರದಲ್ಲಿ ದಿನವೂ ಒಂದೇ ಮಾತು ಇತ್ತು: ಏನೂ ಇಲ್ಲ.

ಇದೆಲ್ಲ ಯಾಕೆ ಎಂದು ಅವರಿಗೆ ಹೇಳಿಕೊಟ್ಟವಳು ಸಾತ್ವಿಕಾ. ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಚಾರ್ಮಾಡಿ ಕಡೆಯ ಹುಡುಗಿ. ಅವರು ಕೆಲಸಕ್ಕೆ ಸೇರಿದ ದಿನ ಗುಡ್ಡೆಗೆ ಬಂದು, ಗೇರುಮರದ ಬುಡದಲ್ಲಿ ಕೂತು ವಿವರಿಸಿದ್ದಳು.

"ಸೂರ್ಯನಿಂದ ಯಾವಾಗಲೂ ಒಂದು ಗಾಳಿ ಬೀಸ್ತಾ ಇರ್ತದೆ ಉಮ್ಮರಾಕ. ನಮ್ಮ ಗಾಳಿ ಅಲ್ಲ, ಕರೆಂಟ್ ಇರುವ ಕಣಗಳ ಗಾಳಿ. ಅದು ನಮಗೆ ನೇರ ತಾಗದ ಹಾಗೆ ಭೂಮಿಗೆ ತನ್ನ ಕಾಂತಶಕ್ತಿಯದ್ದೇ ಒಂದು ಹೊದಿಕೆ ಉಂಟು. ಸೂರ್ಯನ ಬದಿಯಲ್ಲಿ ಅದು ಒತ್ತಿ ಹತ್ತಿರ ಬಂದಿರ್ತದೆ. ಆಚೆ ಬದಿಯಲ್ಲಿ ಬಾಲದ ಹಾಗೆ ಚಂದ್ರನಿಂದಲೂ ಆಚೆ ಹೋಗಿರ್ತದೆ."

"ಗಾಳಿಗೆ ಸಿಕ್ಕಿದ ಸೊಳ್ಳೆ ಪರದೆ ಹಾಗೆ."

"ಹಾಂ, ಹಾಗೇ. ಕಣ್ಣಿಗೆ ಕಾಣುದಿಲ್ಲ. ಅದು ಅಲ್ಲಾಡುದನ್ನು ನಾನೂರೈವತ್ತು ಕಿಲೋಮೀಟರ್ ಮೇಲಿಂದ ಉಪಗ್ರಹ ಅಳೀತದೆ, ಕೆಳಗಿಂದ ಈ ಗೂಡು. ಎರಡನ್ನೂ ತಾಳೆ ನೋಡುದು ನನ್ನ ಕೆಲಸ."

ಈ ತಾಳೆ ನೋಡುವ ಮಾತು ಉಮ್ಮರ್ ಅವರಿಗೆ ಚೆನ್ನಾಗಿ ಹಿಡಿಸಿತು. ಸ್ಟೋರಿನಲ್ಲೂ ಎರಡು ಕಡೆ ಬರೆದು ತಾಳೆ ನೋಡಿದರೇ ಲೆಕ್ಕ. ಉಪಗ್ರಹ ನಮ್ಮ ತಲೆಯ ಮೇಲೆ ಬರುವ ದಿನ, ಗಂಟೆಗಳ ಪಟ್ಟಿಯನ್ನು ಅವಳು ಪ್ರತಿ ಭಾನುವಾರ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ಆ ಹೊತ್ತಿಗಾದರೂ ದಯವಿಟ್ಟು ಯಾರನ್ನೂ ಬೇಲಿಯ ಹತ್ತಿರ ಬಿಡಬೇಡಿ ಎಂದು ಕೊನೆಯಲ್ಲಿ ಬರೆದಿರುತ್ತಿತ್ತು. ಬಿಡುವುದಕ್ಕೆ ಯಾರಾದರೂ ಬಂದರಲ್ಲವೇ.

ಹಾಗೆ ನೋಡಿದರೆ ಉಮ್ಮರ್ ಅವರಿಗೆ ಗುಡ್ಡೆ ಕಾಯುವ ಗತಿಯೇನೂ ಬಂದಿರಲಿಲ್ಲ. ಕಲ್ಲಡ್ಕದಲ್ಲಿ ಮನೆ ಇತ್ತು, ಮನೆ ತುಂಬ ಜನರಿದ್ದರು. ಹೆಂಡತಿ ಖತೀಜಮ್ಮ, ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಮಗ ಮುನವ್ವರ್, ಸೊಸೆ ಫರ್ಹಾನ, ಶಾಲೆಗೆ ಹೋಗುವ ಎರಡು ಮೊಮ್ಮಕ್ಕಳು. ಯಾರೂ ಅವರಿಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಆಡಿದ್ದರೆ ಜಗಳವಾದರೂ ಆಗುತ್ತಿತ್ತು. ಇಪ್ಪತ್ತಾರು ವರ್ಷ ಅವರಿಲ್ಲದೆ ನಡೆದ ಮನೆ ಅದು; ಅವರಿಲ್ಲದೆ ನಡೆಯುವುದನ್ನು ಚೆನ್ನಾಗಿ ಕಲಿತುಬಿಟ್ಟಿತ್ತು. ಮದುವೆಗೆ ಯಾರು ಹೋಗಬೇಕು, ಪಂಪು ಕೆಟ್ಟರೆ ಯಾರನ್ನು ಕರೆಯಬೇಕು, ಮೀನಿನವನನ್ನು ಎಲ್ಲಿ ನಿಲ್ಲಿಸಬೇಕು ಎಲ್ಲಕ್ಕೂ ಒಂದೊಂದು ದಾರಿ ಬಿದ್ದಿತ್ತು. ಒಮ್ಮೆ ಪಂಪಿನ ವಾಲ್ವು ನೋಡಲು ಅವರು ಎದ್ದರೆ ಮುನವ್ವರ್ ಓಡಿ ಬಂದು, "ಅದು ಆಯ್ತು ಬಾಪ, ನೀವು ಕೂತ್ಕೊಳ್ಳಿ" ಎಂದ. ಜೀವಮಾನವಿಡೀ ವಾಲ್ವಿನ ನಡುವೆ ಬದುಕಿದ ಮನುಷ್ಯ ಹೋಗಿ ಕೂತುಕೊಂಡರು.

ಎಲ್ಲಕ್ಕಿಂತ ಹೆಚ್ಚಾಗಿ ಆ ಕಪ್ಪು. ಮನೆಯವರೆಲ್ಲ ಚಾ ಕುಡಿಯುವುದು ಸ್ಟೀಲಿನ ಲೋಟದಲ್ಲಿ. ಉಮ್ಮರ್ ಅವರಿಗೆ ಮಾತ್ರ ಖತೀಜಮ್ಮ ಶೋಕೇಸಿನಿಂದ ಚಿನ್ನದ ಗೆರೆಯ ಪಿಂಗಾಣಿ ಕಪ್ಪು ತೆಗೆದು, ಸಾಸರಿನ ಮೇಲಿಟ್ಟು ತರುತ್ತಿದ್ದರು. ಅದು ನೆಂಟರ ಕಪ್ಪು. ರಜೆಯಲ್ಲಿ ಬಂದಾಗ ಅದರಲ್ಲಿ ಕುಡಿಯಲು ಅವರಿಗೆ ಖುಷಿಯೇ ಆಗುತ್ತಿತ್ತು. ಇನ್ನು ರಜೆ ಮುಗಿಯುವುದಿಲ್ಲ ಎಂದು ಬಂದ ಮೇಲೂ ಅದೇ ಕಪ್ಪು ಬಂದಾಗ ಏನು ಹೇಳುವುದೆಂದು ತಿಳಿಯಲಿಲ್ಲ. ಹೇಳಲಿಲ್ಲ. ಪರಿಚಯದವರೊಬ್ಬರು ಗುಡ್ಡೆಯ ಕೆಲಸದ ವಿಷಯ ತಂದಾಗ ಒಪ್ಪಿಕೊಂಡರು. "ಹೋಗಿ, ಹೊತ್ತು ಹೋಗ್ತದೆ. ಗುರುವಾರ ಸಂಜೆ ಬರ್ತೀರಲ್ಲ?" ಎಂದ ಖತೀಜಮ್ಮ ಕಾಲು ಗಂಟೆಯಲ್ಲಿ ಅವರ ಪೆಟ್ಟಿಗೆ ಕಟ್ಟಿಕೊಟ್ಟರು. ಆ ಕೈಗೆ ಪೆಟ್ಟಿಗೆ ಕಟ್ಟಿ ಅಷ್ಟು ರೂಢಿ.

ಜೂನ್ ಹತ್ತೊಂಬತ್ತರಂದು, ಬಕ್ರೀದಿಗೆ ಮನೆಗೆ ಹೋಗಿ ಬಂದ ಬೆಳಿಗ್ಗೆ, ಉಮ್ಮರ್ ಬೆಲ್ಟು ಬಿಚ್ಚಲು ಮರೆತರು. ಹಬ್ಬಕ್ಕೆ ಮಗ ತಂದುಕೊಟ್ಟಿದ್ದ ಅಗಲದ ಹಸಿರು ಬೆಲ್ಟು, ಅಂಗೈಯಷ್ಟು ದೊಡ್ಡ ಬಕಲು. ಗೂಡು ಗುಡಿಸಿ ಕೆಳಗಿಳಿದು ಬರುವಷ್ಟರಲ್ಲಿ ಕೋಣೆಯಲ್ಲಿ ಮೊಬೈಲು ಹೊಡೆದುಕೊಳ್ಳುತ್ತಿತ್ತು.

"ಉಮ್ಮರಾಕ, ಹನ್ನೊಂದು ಇಪ್ಪತ್ತಕ್ಕೆ ನೀವು ಗೂಡಿನೊಳಗೆ ಹೋದ್ರಾ?"

ಅವರು ಸುತ್ತ ಕಣ್ಣಾಡಿಸಿದರು. ಮಳೆಯಲ್ಲಿ ನೆನೆದ ಗೇರುಮರಗಳ ಹೊರತು ಯಾರೂ ಇರಲಿಲ್ಲ. "ಹೋದೆ ಮೇಡಂ. ನಿಮಗೆ ಹೇಗೆ ಗೊತ್ತಾಯ್ತು?"

"ಗೆರೆ ದಡಕ್ಕಂತ ಮೆಟ್ಟಿಲಿನ ಹಾಗೆ ಮೇಲೆ ಹೋಯ್ತು. ಹನ್ನೊಂದು ಮೂವತ್ತೆರಡಕ್ಕೆ ಇಳೀತು. ಕಬ್ಬಿಣ ಎಂತಾದ್ರೂ ಇತ್ತಾ ನಿಮ್ಮ ಹತ್ರ?"

ಉಮ್ಮರ್ ಸೊಂಟ ಮುಟ್ಟಿ ನೋಡಿಕೊಂಡರು. ನಾಚಿಕೆಯಾಯಿತು. ಸ್ಟೋರಿನಲ್ಲಿ ಇಂಥ ತಪ್ಪು ಮಾಡಿದವರನ್ನು ಅವರೇ ಬೈದದ್ದುಂಟು. ಆದರೆ ಹುಡುಗಿ ಬೈಯಲಿಲ್ಲ. ನಕ್ಕಳು. ಹಬ್ಬ ಹೇಗಾಯ್ತು, ಮಳೆಗೆ ಕೋಣೆ ಸೋರುತ್ತದಾ, ಊಟ ಆಯ್ತಾ ಎಂದು ಕೇಳಿದಳು. ಲ್ಯಾಬಿನಲ್ಲಿ ಇವತ್ತು ತಾನೊಬ್ಬಳೇ ಎಂದಳು. ಹದಿನೇಳು ನಿಮಿಷ ಮಾತಾಡಿ ಫೋನ್ ಇಟ್ಟಳು.

ಅವರು ರಿಜಿಸ್ಟರಿನಲ್ಲಿ ನಡೆದದ್ದನ್ನು ಬರೆದರು: ಬೆಲ್ಟು, 11.20ರಿಂದ 11.32. ಮೂವತ್ತು ಕಿಲೋಮೀಟರ್ ಆಚೆ, ತಾನು ಒಂದು ಬಾಗಿಲೊಳಗೆ ಕಾಲಿಟ್ಟದ್ದು ಯಾರಿಗೋ ಗೊತ್ತಾಗಿದೆ. ಗೊತ್ತಾಗಿ, ಏನಾಯಿತೆಂದು ಕೇಳಿದ್ದಾರೆ. ಕಲ್ಲಡ್ಕದ ಮನೆಯಲ್ಲಿ ಅವರು ಒಳಗೆ ಬಂದರೂ ಹೊರಗೆ ಹೋದರೂ ಟಿವಿಯ ಮುಂದೆ ಕೂತವರ ತಲೆ ತಿರುಗುತ್ತಿರಲಿಲ್ಲ. ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಆದರೂ ದುಃಖವಾಗುತ್ತಿತ್ತು, ಅದು ಅವರಿಗೆ ಆ ದಿನ ಸರಿಯಾಗಿ ಗೊತ್ತಾಯಿತು.

ಹನ್ನೆರಡು ದಿನ ಅವರು ತಡೆದುಕೊಂಡರು. ಹನ್ನೆರಡು ದಿನವೂ ರಿಜಿಸ್ಟರಿನಲ್ಲಿ ಏನೂ ಇಲ್ಲ, ಫೋನೂ ಇಲ್ಲ. ಹದಿಮೂರನೇ ಬೆಳಿಗ್ಗೆ ಪೆಟ್ಟಿಗೆಯ ತಳದಿಂದ ಬೀಗವನ್ನು ತೆಗೆದರು.

ಅದು ಏಳನೇ ನಂಬರ್ ಸ್ಟೋರಿನ ಬೀಗ. ಕಂಪೆನಿ ಆ ಸ್ಟೋರನ್ನು ಮುಚ್ಚಿದ ದಿನ, ಇದನ್ನು ನಾನು ಕೊಂಡುಹೋಗಲಾ ಎಂದು ಕೇಳಿ ತಂದದ್ದು. ಒಂದೂವರೆ ಕಿಲೋ ತೂಗುವ ಅಪ್ಪಟ ಕಬ್ಬಿಣ. ಖತೀಜಮ್ಮ ಅದನ್ನು ನೋಡಿ, ಇಷ್ಟು ದೂರದಿಂದ ಗುಜರಿ ಹೊತ್ತು ತಂದದ್ದಾ ಎಂದಿದ್ದರು. ಮೆಟ್ಟಿಲಿನ ಹಾಗೆ ಏರಿದರೆ ಕಬ್ಬಿಣವೆಂದು ಗೊತ್ತಾಗಿ ಹುಡುಗಿ ಬೇಸರಪಟ್ಟುಕೊಳ್ಳುತ್ತಾಳೆ, ಹಾಗಾಗಬಾರದು. ಉಮ್ಮರ್ ಬೀಗವನ್ನು ಹೆಗಲ ಬೈರಾಸಿನಲ್ಲಿ ಸುತ್ತಿ, ಬೇಲಿಯಿಂದ ಗೂಡಿನ ತನಕ ಒಂದೊಂದೇ ಹೆಜ್ಜೆ ಇಡುತ್ತ, ನಿಂತು, ಮತ್ತೆ ಹೆಜ್ಜೆ ಇಟ್ಟು ಹೋದರು. ಹಾಗೆಯೇ ಹಿಂದೆ ಬಂದರು. ಪಟ್ಟಿಯ ಪ್ರಕಾರ ಆ ಹೊತ್ತಿಗೆ ಉಪಗ್ರಹ ತಲೆಯ ಮೇಲಿತ್ತು. ಆಗ ಅವಳು ಗೆರೆ ನೋಡಿಯೇ ನೋಡುತ್ತಾಳೆಂಬುದು ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಫೋನ್ ಬಂತು. "ಉಮ್ಮರಾಕ, ಬೆಳಿಗ್ಗೆ ಅಲ್ಲಿ ಏನಾದ್ರೂ ಇತ್ತಾ?"

"ಏನೂ ಇಲ್ಲ ಮೇಡಂ."

"ಬೆಲ್ಟು?"

"ಬಿಚ್ಚಿಟ್ಟಿದ್ದೇನೆ."

ಬೆಲ್ಟಿನ ಮಟ್ಟಿಗೆ ಅದು ಸತ್ಯ. ಸುಳ್ಳು ಹೇಳಲು ಅಭ್ಯಾಸವಿಲ್ಲದವರು ಹೀಗೆ ಸತ್ಯದ ತುಂಡು ಹಿಡಿದುಕೊಂಡೇ ಸುಳ್ಳಿಗೆ ಇಳಿಯುತ್ತಾರೆ. ಆ ದಿನ ಅವರು ಇಪ್ಪತ್ತೆರಡು ನಿಮಿಷ ಮಾತಾಡಿದರು.

ಒಂದು ಸಲ ಇಳಿದ ಮೇಲೆ ಹತ್ತುವುದು ಕಷ್ಟ. ವಾರಕ್ಕೆರಡು ಸಲ, ಉಪಗ್ರಹ ಹಗಲಿನಲ್ಲಿ ಬರುವ ದಿನಗಳಲ್ಲಿ, ಬೀಗ ಗುಡ್ಡೆ ಹತ್ತಿ ಇಳಿಯಿತು. ಫೋನುಗಳು ಬಂದವು. ಜುಬೈಲಿನಲ್ಲಿ ಮರಳುಗಾಳಿ ಎದ್ದರೆ ಮಧ್ಯಾಹ್ನವೂ ಲೈಟು ಹಾಕಬೇಕಾಗುತ್ತಿತ್ತೆಂದು ಅವರು ಹೇಳಿದರು. ಸೂರ್ಯನಲ್ಲಿ ಬಿರುಗಾಳಿ ಎದ್ದರೆ ಉಪಗ್ರಹಗಳಿಗೂ ಹಾಗೇ ಎಂದು ಅವಳು ಹೇಳಿದಳು. ಹಾಸ್ಟೆಲಿನ ಸಾಂಬಾರು, ತನ್ನ ಜೊತೆ ಸೇರಿದವರೆಲ್ಲ ಓದು ಮುಗಿಸಿ ಹೋದದ್ದು, ತಾನು ಮಾತ್ರ ನಾಲ್ಕನೇ ವರ್ಷಕ್ಕೂ ಅದೇ ಕುರ್ಚಿಯಲ್ಲಿ ಕೂತದ್ದು, ಒಮ್ಮೊಮ್ಮೆ ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬರ ಹತ್ತಿರವೂ ಬಾಯಿ ಬಿಡದೆ ಇರುವುದು, ಎಲ್ಲ ಹೇಳಿದಳು. ಮೇಡಂ ಎನ್ನುತ್ತಿದ್ದವರು ಯಾವಾಗ ಮಗಳೇ ಎನ್ನತೊಡಗಿದರೋ ಅವರಿಗೂ ನೆನಪಿಲ್ಲ.

ಇಷ್ಟರಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಬೀಗ ಬೇಲಿ ದಾಟಿದಾಗಲೆಲ್ಲ ಉಮ್ಮರ್, ಬೇಲಿಗೆ ತೂಗುಹಾಕಿದ ವಾಚು ನೋಡಿ, ಒಂದು ಸಣ್ಣ ನೋಟುಪುಸ್ತಕದಲ್ಲಿ ಬರೆದಿಟ್ಟರು. ತಾರೀಕು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು. ಸ್ಟೋರಿನಲ್ಲಿ ಅವರು ಒಂದು ವಾಷರು ಹೊರಗೆ ಹೋದರೂ ಬರೆಯದೆ ಬಿಟ್ಟವರಲ್ಲ. ಕಾಲೇಜಿನ ರಿಜಿಸ್ಟರಿನಲ್ಲಿ ಏನೂ ಇಲ್ಲ ಎಂದು ಬರೆದ ಕೈಯೇ ಹಾಸಿಗೆಯಡಿಯ ಪುಸ್ತಕದಲ್ಲಿ ಮಿನಿಟು ತಪ್ಪದೆ ಸತ್ಯ ಬರೆಯುತ್ತಿತ್ತು.

ಫೆಬ್ರವರಿ ಹದಿನೈದರಂದು ಬೀಗವನ್ನು ಪೆಟ್ಟಿಗೆಯಲ್ಲಿಟ್ಟು ಕೂತಿದ್ದಾಗ ಬಂದ ಫೋನಿನಲ್ಲಿ ಸಾತ್ವಿಕಾಳ ಮಾತು ಓಡುತ್ತಿತ್ತು.

"ಉಮ್ಮರಾಕ, ಇವತ್ತೂ ಬಂತು! ನಿಮಗೆ ಹೇಳಿರ್ಲಿಲ್ಲ, ಮೊದಲು ಗಟ್ಟಿ ಆಗ್ಲಿ ಅಂತ ಇದ್ದೆ. ನಮ್ಮ ಗುಡ್ಡೆಯಲ್ಲಿ ಎಂಟು ತಿಂಗಳಿಂದ ಒಂದು ಏರಿಳಿತ ಕಾಣ್ತಾ ಉಂಟು. ಮೆಲ್ಲ ಏರ್ತದೆ, ಮೆಲ್ಲ ಇಳೀತದೆ. ಅದೇ ಹೊತ್ತಿಗೆ ಮೇಲೆ ಉಪಗ್ರಹದಲ್ಲಿ ನೋಡಿದ್ರೆ ಇಲ್ಲ. ಬೇರೆ ಊರಿನ ಕೇಂದ್ರಗಳಲ್ಲೂ ಇಲ್ಲ. ನಿಮ್ಮ ರಿಜಿಸ್ಟರಿನಲ್ಲೂ ಏನೂ ಇಲ್ಲ! ಅಂದ್ರೆ ಕಬ್ಬಿಣ ಅಲ್ಲ, ಬೇರೆ ಎಂತದೋ. ಈ ಶುಕ್ರವಾರ ಹೊರಗಿಂದ ವಿಜ್ಞಾನಿಗಳು ಬರ್ತಾರೆ. ಅವರ ಮುಂದೆ ನಾನು ಇದನ್ನೇ ಹೇಳುದು. ನಾಲ್ಕು ವರ್ಷದಲ್ಲಿ ನನ್ನದು ಅಂತ ಸಿಕ್ಕಿದ್ದು ಇದೊಂದೇ."

ಉಮ್ಮರ್ ಪೆಟ್ಟಿಗೆಯ ಮುಚ್ಚಳ ಹಾಕಿದರು. ಫೋನಿನಲ್ಲಿ ಅವಳು ಇನ್ನೂ ಹೇಳುತ್ತಿದ್ದಳು. "ನನ್ನ ಗೈಡ್ ಸರ್ ಒಂದು ಕೇಳಿದ್ರು. ಉಪಗ್ರಹ ಬರುವ ದಿವಸ ಮಾತ್ರ ಯಾಕೆ ಇದು, ಭೂಮಿ ಎಂತ ಉಪಗ್ರಹವನ್ನು ಕಾದು ಕೂತದ್ದಾ ಅಂತ. ಬೇರೆ ದಿವಸದ್ದೂ ನೋಡ್ಬೇಕು ನಾನು. ಇರ್ಲಿ, ಮೊದಲು ಶುಕ್ರವಾರ ಮುಗೀಲಿ. ಊಟ ಆಯ್ತಾ ನಿಮ್ದು?"

ಆಯ್ತು ಎಂದರು. ಆಗಿರಲಿಲ್ಲ. ಆ ಮಧ್ಯಾಹ್ನ ಮತ್ತೆ ಅನ್ನಕ್ಕೆ ಕೈ ಹಾಕುವ ಮನಸ್ಸಾಗಲಿಲ್ಲ.

ಬಂದವರಲ್ಲಿ ಒಬ್ಬ ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿದರೆ ಸಾಕು, ತುಂಬಿದ ಸಭೆಯಲ್ಲಿ ಹುಡುಗಿಯ ಮಾನ ಹೋಗುತ್ತದೆ. ಯಾರೂ ಕೇಳದಿದ್ದರೆ ಅದು ಇನ್ನೂ ಕೆಟ್ಟದು. ಸುಳ್ಳು ಲೆಕ್ಕ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋದರೆ ಆಮೇಲೆ ಹಿಡಿಯಲು ಸಾಧ್ಯವಿಲ್ಲ, ಅದನ್ನು ಉಮ್ಮರ್ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹೇಳಿಬಿಟ್ಟರೆ ಅವಳ ನಾಲ್ಕು ವರ್ಷ ತನ್ನ ಬಾಯಿಂದಲೇ ಮಣ್ಣುಪಾಲು. ಮತ್ತೆ ಆ ಫೋನು ಬರಲಾರದು. ಈ ಕೊನೆಯ ಮಾತನ್ನು ಅವರು ಮೊದಲು ಯೋಚಿಸಿದ್ದರು. ಅದಕ್ಕಾಗಿ ತನ್ನ ಮೇಲೆಯೇ ಅವರಿಗೆ ಹೇಸಿಗೆಯಾಯಿತು. ಮೂರು ದಿನ ಹಾಗೇ ಕಳೆದವು. ಬುಧವಾರ ಬೆಳಿಗ್ಗೆ ಬೀಗ, ನೋಟುಪುಸ್ತಕ ಎರಡನ್ನೂ ಬೈರಾಸಿನಲ್ಲಿ ಕಟ್ಟಿಕೊಂಡು, ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದು ಮೂಡುಬಿದಿರೆಗೆ ಹೊರಟರು.

ಲ್ಯಾಬು ಮೊದಲ ಮಾಳಿಗೆಯ ಕೊನೆಯ ಕೋಣೆ. ಎರಡು ಕಂಪ್ಯೂಟರ್, ನಾಲ್ಕು ಕುರ್ಚಿ, ಒಬ್ಬಳೇ ಹುಡುಗಿ. ಅವರನ್ನು ಕಂಡು ಸಾತ್ವಿಕಾ ಎದ್ದು ಬಂದಳು.

"ಉಮ್ಮರಾಕ! ಹೇಳಿದ್ರೆ ಸ್ಟ್ಯಾಂಡಿಗೆ ಬರ್ತಿದ್ದೆ. ಕೂತ್ಕೊಳ್ಳಿ, ಫ್ಯಾನಿನಡಿಗೆ ಕೂತ್ಕೊಳ್ಳಿ. ಇದೆಂತ ಗಂಟು, ಮನೆಯಿಂದ ತಿಂಡಿಯಾ?"

ಅವರು ಕೂರಲಿಲ್ಲ. ಮೇಜಿನ ಮೇಲೆ ಬೈರಾಸು ಬಿಚ್ಚಿದರು. ಬೀಗ ಠಕ್ಕೆಂದು ಮರಕ್ಕೆ ತಾಗಿತು.

"ನಿನ್ನ ಗೆರೆ ಏರಿಸಿದ್ದು ಇದು, ಮಗಳೇ. ಭೂಮಿಯೂ ಅಲ್ಲ, ಸೂರ್ಯನೂ ಅಲ್ಲ. ನಾನು."

ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಬೀಗವನ್ನು ಮುಟ್ಟಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಬೇಕಂತಲೇ?"

"ಬೇಕಂತಲೇ."

"ಯಾಕೆ? ಯಾರಾದ್ರೂ ಹೇಳಿ ಮಾಡಿಸಿದ್ದಾ?"

"ಯಾರೂ ಇಲ್ಲ. ಗೆರೆ ಏರಿದ್ರೆ ನೀನು ಫೋನ್ ಮಾಡ್ತೀ ಅಂತ."

ಸಾತ್ವಿಕಾ ಹೋಗಿ ಬಾಗಿಲು ಮುಚ್ಚಿ ಬಂದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಬರೀ ಸಿಟ್ಟು.

"ಎಂಟು ತಿಂಗಳು, ಉಮ್ಮರಾಕ! ನಿಮಗೆ ಮಾತಾಡ್ಬೇಕಿದ್ರೆ ನೀವೇ ಒಂದು ಫೋನ್ ಮಾಡ್ಬಹುದಿತ್ತಲ್ಲ? ನಾನು ಎಂತ ಬೇಡ ಅಂತಿದ್ದೆನಾ?"

"ಏನಂತ ಮಾಡುದು?" ಉಮ್ಮರ್ ನಿಜವಾಗಿಯೂ ಕೇಳಿದರು. "ಫೋನ್ ಮಾಡಿದ್ರೆ ಎಂತ ಸಂಗತಿ ಅಂತ ಕೇಳ್ತಾರೆ. ಸಂಗತಿ ಬೇಕಲ್ಲ ಮಗಳೇ. ಗಲ್ಫಿನಲ್ಲಿದ್ದಾಗ ಸಂಗತಿ ಇತ್ತು. ಯಾವಾಗ ಬರ್ತೇನೆ, ಎಂತ ತರ್ಬೇಕು, ಮಗುವಿಗೆ ಜ್ವರ ಬಿಟ್ಟಿತಾ. ಈಗ ನನ್ನ ಹತ್ರ ಸಂಗತಿಯೇ ಇಲ್ಲ."

ಅವಳು ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡಳು. ಉಮ್ಮರ್ ನಿಂತೇ ಇದ್ದರು. ಕಾಲು ನೋಯುತ್ತಿತ್ತು, ಆದರೆ ಕೂರುವ ಹಕ್ಕು ತನಗಿಲ್ಲವೆಂದು ಅವರಿಗೆ ಅನಿಸಿತು. ಮುಖ ಎತ್ತಿ ಅವಳು ಕೇಳಿದಳು, "ಎಷ್ಟು ಸಲ?"

"ಅರುವತ್ತೊಂದು."

"ಅಂದಾಜಾ?"

"ಅಂದಾಜು ಅಲ್ಲ." ನೋಟುಪುಸ್ತಕವನ್ನು ಮುಂದೆ ಸರಿಸಿದರು.

ಅವಳು ಒಂದು ಪುಟ ತಿರುವಿದಳು, ಇನ್ನೊಂದು ತಿರುವಿದಳು. ಸ್ಕೇಲು ಹಿಡಿದು ಎಳೆದ ಮನೆಗಳು, ಒಂದರ ಕೆಳಗೆ ಒಂದು ತಾರೀಕು, ಒಳಗೆ, ಹೊರಗೆ. ಕಂಪ್ಯೂಟರಿನಲ್ಲಿ ಜುಲೈ ಎರಡನ್ನು ತೆರೆದು ಪುಸ್ತಕದ ಪಕ್ಕದಲ್ಲಿಟ್ಟು ನೋಡಿದಳು. ಗೆರೆ ಏರಿದ ಮಿನಿಟು, ಬರೆದ ಮಿನಿಟು ಎರಡೂ ಒಂದೇ. ಅವಳ ಮುಖದಲ್ಲಿ ಸಿಟ್ಟು ಹಾಗೆಯೇ ಇತ್ತು, ಆದರೆ ಬೆನ್ನು ನೆಟ್ಟಗಾಯಿತು.

"ಇದೆಲ್ಲ ಹೀಗೇ ಸರಿ ಉಂಟಾ?"

"ಏಳನೇ ನಂಬರಿನಲ್ಲಿ ಇಪ್ಪತ್ತಾರು ವರ್ಷದಲ್ಲಿ ಒಂದು ಎಂಟ್ರಿ ತಪ್ಪಿದ್ದಿಲ್ಲ."

"ಹಾಗಾದ್ರೆ ಈ ತುಂಡುಗಳನ್ನಷ್ಟೇ ಕತ್ತರಿಸಿ ತೆಗೀಬಹುದು. ಉಳಿದ ಎಂಟು ತಿಂಗಳು ಉಳೀತದೆ. ಇದು ಇಲ್ಲದಿದ್ರೆ ಎಲ್ಲ ಬಿಸಾಡ್ಬೇಕಿತ್ತು." ಅವಳು ಮೂಗು ಒರೆಸಿಕೊಂಡಳು. "ಕೂತ್ಕೊಳ್ಳಿ. ನೀವು ಓದಿ, ನಾನು ತೆಗೀತೇನೆ."

ಉಮ್ಮರ್ ಕನ್ನಡಕ ಹಾಕಿಕೊಂಡು ಓದಿದರು. "ಜುಲೈ ಎರಡು. ಹತ್ತು ಹದಿನಾಲ್ಕರಿಂದ ಹತ್ತು ಮೂವತ್ತೊಂದು."

"ತೆಗೆದೆ."

"ಜುಲೈ ಆರು. ಒಂಬತ್ತು ಐವತ್ತೆರಡರಿಂದ ಹತ್ತು ಹನ್ನೊಂದು."

"ತೆಗೆದೆ."

ಗೆರೆಯ ಮೇಲೆ ಒಂದು ಸಣ್ಣ ದಿಬ್ಬ, ಅವಳ ಬೆರಳು ಒತ್ತಿದ ಕೂಡಲೇ ಆ ಜಾಗ ಖಾಲಿ. ಮೊದಲು ಉಮ್ಮರ್ ಪುಸ್ತಕವನ್ನಷ್ಟೇ ನೋಡುತ್ತಿದ್ದರು. ಆಮೇಲೆ ಪರದೆಯನ್ನೂ ನೋಡಲು ಶುರು ಮಾಡಿದರು. ಆ ದಿಬ್ಬಗಳನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು. ಇದು ಮಳೆಗೆ ಜಾರಿ ಬಿದ್ದ ದಿನದ್ದು. ಇದು ಗೂಡಿನ ಹತ್ತಿರ ನವಿಲು ಕಂಡು ನಿಂತುಬಿಟ್ಟ ದಿನದ್ದು, ಅದಕ್ಕೇ ನಡುವೆ ಚಪ್ಪಟೆಯಾಗಿದೆ. ಎಲ್ಲ ಅಲ್ಲಿತ್ತು. ನಿಂತದ್ದು ನಡೆದದ್ದು ಸಹಿತ.

"ನವೆಂಬರ್ ಇಪ್ಪತ್ತಾರು. ಹನ್ನೆರಡು ಎಂಟರಿಂದ ಹನ್ನೆರಡು ಮೂವತ್ತು."

ಸಾತ್ವಿಕಾಳ ಬೆರಳು ನಿಂತಿತು. "ಅವತ್ತು ಅಮ್ಮನ ಆಪರೇಷನ್. ನಿಮ್ಮ ಹತ್ರ ಹೇಳಿ ಅತ್ತದ್ದು ನಾನು."

"ಹೌದು."

"ಬೇರೆ ಯಾರ ಹತ್ರವೂ ಹೇಳಿರ್ಲಿಲ್ಲ."

ಉಮ್ಮರ್ ಕಾದರು. ಇದೊಂದನ್ನು ಅವಳು ಬಿಟ್ಟಾಳು ಎಂದು ಆಸೆಪಟ್ಟರು. ಬಿಟ್ಟರೆ ಲೆಕ್ಕ ತಪ್ಪುತ್ತದೆಂಬುದೂ ಅವರಿಗೇ ಚೆನ್ನಾಗಿ ಗೊತ್ತಿತ್ತು.

"ತೆಗೆದೆ," ಎಂದಳು ಅವಳು.

ಅರುವತ್ತೊಂದೂ ಮುಗಿಯುವಾಗ ಮೂರು ಗಂಟೆ ದಾಟಿತ್ತು. ಉಮ್ಮರ್ ಪುಸ್ತಕ ಮಡಚಿದರು. ಅವಳು ಮಾತ್ರ ಇನ್ನೂ ಹಿಂದಕ್ಕೆ ಹೋಗಿ ಏನೋ ಹುಡುಕುತ್ತಿದ್ದಳು. "ಜೂನ್ ಹತ್ತೊಂಬತ್ತು, ಬೆಲ್ಟು. ಇದು ರಿಜಿಸ್ಟರಿನಲ್ಲೇ ಉಂಟು. ಇದನ್ನೂ ತೆಗೆದೆ."

ಕೊನೆಗೆ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. ದಿನವೂ ಸೂರ್ಯ ಏರಿದಂತೆ ಏರಿ ಇಳಿದಂತೆ ಇಳಿಯುವ ಗೆರೆ. ಅಕ್ಟೋಬರಿನಲ್ಲಿ ಒಂದು ಕಡೆ ದೊಡ್ಡದಾಗಿ ಕುಸಿದು ಮೆಲ್ಲಗೆ ಮೇಲೆದ್ದಿತ್ತು. ಅದು ಸೂರ್ಯನ ಬಿರುಗಾಳಿ, ಅದೇ ಹೊತ್ತಿಗೆ ಮೇಲೆ ಉಪಗ್ರಹದಲ್ಲೂ ಹಾಗೇ ಬಂದಿದೆ, ತಾಳೆಯಾಗುತ್ತದೆ ಎಂದಳು. "ಚಂದ ಬಂತು ಈಗ."

ಚಂದವೇ ಬಂದಿತ್ತು. ಆ ಗೆರೆಯ ಲೆಕ್ಕದಲ್ಲಿ ಎಂಟು ತಿಂಗಳಲ್ಲಿ ಆ ಗುಡ್ಡೆಗೆ ಯಾರೂ ಹತ್ತಿರಲಿಲ್ಲ, ಯಾರೂ ಇಳಿದಿರಲಿಲ್ಲ. ಲೆಕ್ಕ ಸರಿಯಾದಾಗ ಯಾವಾಗಲೂ ಆಗುವ ಸಮಾಧಾನ ಉಮ್ಮರ್ ಅವರಿಗೆ ಆಯಿತು. ಅದರ ಜೊತೆಗೇ ಅಳು ಬಂತು. ಕನ್ನಡಕ ತೆಗೆದು ಬೈರಾಸಿನ ತುದಿಯಲ್ಲಿ ಕಣ್ಣೊರೆಸಿಕೊಂಡರು.

"ಸರ್‌ಗೆ ನಾನು ಹೇಳ್ಲೇಬೇಕು," ಎಂದಳು ಸಾತ್ವಿಕಾ.

"ಹೇಳ್ಬೇಕು. ಹೇಳದಿದ್ರೆ ತಪ್ಪು."

"ಬೇರೆಯವರನ್ನು ಇಡ್ತಾರೆ."

"ಇಡ್ಲಿ. ಅಲ್ಲೇ ಕೆಳಗಿನ ತುಕ್ರಪ್ಪ ಒಳ್ಳೆ ಜನ. ಅವನ ಮನೆಯವರು ಮಧ್ಯಾಹ್ನ ಊಟ ತಂದುಕೊಡ್ತಾರೆ, ಅವನಿಗೆ ಬೇಜಾರಾಗ್ಲಿಕ್ಕಿಲ್ಲ."

ಬಾಗಿಲ ತನಕ ಹೋಗಿ ಅವರು ತಿರುಗಿ ನಿಂತರು. ಮೊದಲೇ ಯೋಚಿಸಿಟ್ಟ ಮಾತು ಅದಾಗಿರಲಿಲ್ಲ. ಅಲ್ಲೇ ಬಾಯಿಗೆ ಬಂತು. "ನಾನು ಇನ್ನು ಯಾವಾಗಲಾದ್ರೂ ಫೋನ್ ಮಾಡ್ಬಹುದಾ?"

ಅವಳು ಖಾಲಿ ಕುರ್ಚಿಗಳ ನಡುವೆ ನಿಂತಿದ್ದಳು. ಬೇಡ ಎನ್ನಲು ಅವಳಿಗೂ ಕಷ್ಟವಾಯಿತು, ಅದು ಅವರಿಗೆ ಕಂಡಿತು. "ಸ್ವಲ್ಪ ದಿವಸ ಬೇಡ ಉಮ್ಮರಾಕ," ಎಂದಳು.

ಬಂಟ್ವಾಳದ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತು. ತೊಡೆಯ ಮೇಲೆ ಬೀಗ ಭಾರವಾಗಿ ಕೂತಿತ್ತು. ಆಕಾಶದಲ್ಲಿ ಆ ಹೊತ್ತಿಗೆ ಉಪಗ್ರಹ ಇತ್ತೋ ಇಲ್ಲವೋ, ಈ ವಾರದ ಪಟ್ಟಿಯನ್ನು ಅವರು ನೋಡಿರಲಿಲ್ಲ.

ಕಲ್ಲಡ್ಕದಲ್ಲಿ ಇಳಿದು ಮನೆಯ ಗೇಟು ತೆರೆಯುವಾಗ ಸಂಜೆಯ ಅಸರ್ ನಮಾಜು ಮುಗಿದು ಬಹಳ ಹೊತ್ತಾಗಿತ್ತು. ಮೊಮ್ಮಕ್ಕಳು ಟಿವಿಯ ಮುಂದೆ, ಕೈಯಲ್ಲಿ ಲೋಟ ಹಿಡಿದು. ಫರ್ಹಾನ ಬಿಸ್ಕತ್ತಿನ ಡಬ್ಬ ಹಿಡಿದು. ಒಳಗಿನಿಂದ ಬಂದ ಖತೀಜಮ್ಮ ಅವರನ್ನು ನೋಡಿ ಗೋಡೆಯ ಕ್ಯಾಲೆಂಡರ್ ನೋಡಿದರು. "ಇವತ್ತು ಬುಧವಾರ ಅಲ್ವಾ?"

"ಬುಧವಾರವೇ. ಕೆಲಸ ಹೋಯ್ತು."

ಹೇಗೆ, ಯಾಕೆ ಎಂದು ಖತೀಜಮ್ಮ ಎಲ್ಲರ ಮುಂದೆ ಕೇಳಲಿಲ್ಲ. ಮುಖ ಒಂದು ಸಲ ದಿಟ್ಟಿಸಿ ನೋಡಿ, ಶೋಕೇಸಿನ ಬಾಗಿಲು ಸರಿಸಿದರು. ಚಿನ್ನದ ಗೆರೆಯ ಕಪ್ಪು, ಸಾಸರು. ಉಮ್ಮರ್ ಅದನ್ನು ನೋಡುತ್ತ ನಿಂತರು. ಈ ಮನೆಯಲ್ಲಿ ಗೂಡೂ ಇಲ್ಲ, ಗೆರೆಯೂ ಇಲ್ಲ. ಏನು ಹೊತ್ತು ನಡೆದರೂ ಯಾರ ಫೋನೂ ಬಾರದು. ಹೇಳಬೇಕಾದರೆ ಬಾಯಿ ಒಂದೇ ಇರುವುದು.

"ಅದು ಬೇಡ. ನನಗೂ ಸ್ಟೀಲಿನ ಲೋಟದಲ್ಲಿ ಕೊಡು."

ಖತೀಜಮ್ಮ ಕಪ್ಪು ಹಿಡಿದುಕೊಂಡೇ ತಿರುಗಿದರು. "ಯಾಕೆ? ನಿಮಗೆ ಇದೇ ಆಗ್ಬೇಕಲ್ಲ?"

"ನಾನು ಯಾವಾಗ ಹೇಳಿದ್ದು ಹಾಗೆ?"

"ಬೇಡ ಅಂತಲೂ ಹೇಳ್ಲಿಲ್ಲಲ್ಲ! ಮೂರು ವರ್ಷದಿಂದ ಇದೊಂದನ್ನು ಬೇರೆ ತೊಳೆದು, ಬೇರೆ ಒರೆಸಿ, ಮಕ್ಕಳ ಕೈಗೆ ಸಿಗದ ಹಾಗೆ ಇಡ್ತಾ ಇದ್ದೇನೆ. ಮೊದಲೇ ಬಾಯಿ ಬಿಟ್ಟು ಹೇಳುದಲ್ವಾ?"

ಗೊಣಗುತ್ತ ಒಳಗೆ ಹೋಗಿ ಚಾ ತುಂಬಿಸಿ ತಂದರು. ಲೋಟದ ಬಾಯಿಯವರೆಗೂ ಚಾ, ಕೆಳಗಿನಿಂದ ಮೇಲಿನವರೆಗೂ ಸುಡುವ ಬಿಸಿ. ಮಕ್ಕಳು ಸಹ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಆರಾಮಾಗಿ ಕುಡಿಯುತ್ತಿದ್ದರು. ಉಮ್ಮರ್ ಅವರಿಗೆ ಆ ಹಿಡಿತ ಗೊತ್ತಿರಲಿಲ್ಲ. ಬೆರಳು ಸುಟ್ಟಿತು, ಈ ಕೈಯಿಂದ ಆ ಕೈಗೆ ಬದಲಿಸಿದರು, ಅಲ್ಲಿಯೂ ಸುಟ್ಟಿತು.

"ಇಟ್ಟುಬಿಡಿ, ಆರ್ಲಿ," ಎಂದರು ಖತೀಜಮ್ಮ.

ಉಮ್ಮರ್ ಇಡಲಿಲ್ಲ.